ಸವುಳು ಮಣ್ಣಿನ ಮಾಳಿಗೆ

ಇಸವಿ ಎರಡು ಸಾವಿರದ ನೂರಾ ಎಪ್ಪತ್ತೊಂದು, ಹದಿಮೂರನೆಯ ತಿಂಗಳಾದ ಉರಿಯ ಮೂವತ್ತನಾಲ್ಕನೆಯ ದಿನ
ಹಗೇದ ಓಣಿ, ಬೆಟಗೇರಿ

ನನ್ನ ಅಜ್ಜಿಯ ಅಜ್ಜಿಯ ಕಾಲದವರಿಗೆ ಫಕೀರವ್ವನ ನಮಸ್ಕಾರ.

ಮೇಲಿನ ತಾರೀಖನ್ನು ಕಂಡು ಈ ಮುದುಕಿಗೆ ಬುದ್ಧಿ ಕೆಟ್ಟಿದೆ ಎಂದುಕೊಳ್ಳಬೇಡಿರಿ. ನಿಮ್ಮ ಮೇ ಮತ್ತು ಜೂನ್ ತಿಂಗಳುಗಳ ನಡುವೆ ನಮಗೆ ಇನ್ನೊಂದು ತಿಂಗಳಿದೆ. ಉಳಿದ ಹನ್ನೆರಡರಿಂದ ಅಷ್ಟಷ್ಟು ದಿನ ಕಿತ್ತುಕೊಂಡು ಸರ್ಕಾರ ಅದನ್ನು ಕೂಡಿಸಿತು, ಉರಿ ಎಂದು ಹೆಸರಿಟ್ಟಿತು. ಆ ತಿಂಗಳಲ್ಲಿ ಸಾಲೆ ಇಲ್ಲ, ಮದುವೆ ಇಲ್ಲ, ಮಧ್ಯಾಹ್ನದ ಕಚೇರಿ ಇಲ್ಲ, ಮತ್ತು ಯಾರೂ ಯಾರನ್ನೂ ಮನೆಯಿಂದ ಹೊರಗೆ ಹಾಕುವಂತಿಲ್ಲ. ಹಾಕಲೇಬೇಕಿದ್ದರೆ ಮೊದಲ ಮಳೆ ಬೀಳುವ ತನಕ ಕಾಯಬೇಕು. ಇದೊಂದು ಕಾನೂನನ್ನು ನೆನಪಿಟ್ಟುಕೊಂಡು ಮುಂದೆ ಓದಿರಿ.

ನನ್ನ ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿರಿ. ನಿಮ್ಮಲ್ಲಿ ಇಲ್ಲದ ವಸ್ತುಗಳಿಗೆ ನಿಮ್ಮ ಕಾಲದ ಹೆಸರನ್ನು ನಾನು ಎಲ್ಲಿಂದ ತರಲಿ? ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಾನು ಓದಿದ್ದು ನರಗುಂದದ ಕಡೆಯ ಒಂದು ಹಳ್ಳಿಸಾಲೆಯಲ್ಲಿ, ನಾಲ್ಕನೆಯ ಇಯತ್ತೆಯ ತನಕ. ಐದನೆಯದಕ್ಕೆ ಮಾಸ್ತರರೇ ಬರಲಿಲ್ಲ. ನಮ್ಮಲ್ಲಿ ಹಿಮ್ಮುಖ ಟಪಾಲು ಎಂಬುದೊಂದಿದೆ. ಓಣಿಗೆ ವರ್ಷಕ್ಕೆ ಒಂದೇ ಕಾಗದ, ಅದು ಹಿಂದಿನ ಕಾಲಕ್ಕೆ ಮಾತ್ರ ಹೋಗುತ್ತದೆ, ಉತ್ತರ ಬರುವುದಿಲ್ಲ. ಹೋದ ವರ್ಷ ನಮ್ಮ ಓಣಿಯ ಕಾಗದವನ್ನು ಬಹಳ ಓದಿದ ಒಬ್ಬ ಮನುಷ್ಯ ಬರೆದ. ಅದರ ತುಂಬ ನಕ್ಷೆ, ಅಂಕಿಸಂಖ್ಯೆ. ಅದನ್ನು ಓದಿ ನೀವು ಒಂದು ಗೋಡೆಯನ್ನಾದರೂ ಉಳಿಸಿದ ಗುರುತು ಈ ಕಡೆ ಕಾಣಲಿಲ್ಲ. ಅದಕ್ಕೆ ಈ ಸಲ ಬೈಯುವವಳೇ ಬರೆಯಲಿ ಎಂದು ಓಣಿಯವರು ಕಾಗದವನ್ನು ನನ್ನ ಕೈಗೆ ಕೊಟ್ಟಿದ್ದಾರೆ.

ನಾನಿರುವ ಮನೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬೇಕು. ಹತ್ತಿಯ ವ್ಯಾಪಾರಿಯೊಬ್ಬ ನಿಮಗಿಂತಲೂ ಮುಂಚೆ ಕಟ್ಟಿಸಿದ ವಾಡೆ. ನಿಮ್ಮ ಕಾಲಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತಿ ಬೀಗ ಜಡಿದಿದ್ದರಂತೆ, ಮುಂದಿನ ಕಟ್ಟೆಯ ಮೇಲೆ ಯಾರೋ ಮೊಬೈಲಿನ ಅಂಗಡಿ ಇಟ್ಟಿದ್ದರಂತೆ. ಈಗ ಅದರಲ್ಲಿ ಒಂಬತ್ತು ಸಂಸಾರಗಳಿವೆ. ಗೋಡೆ ಮಣ್ಣು ಮತ್ತು ಕಲ್ಲಿನದು, ನಾನು ಕೈ ಚಾಚಿದರೆ ಎಷ್ಟೋ ಅಷ್ಟು ದಪ್ಪ. ನಡುವೆ ಪಡಸಾಲೆ, ಅದರ ನೆತ್ತಿಗೆ ಗಾಜು ಮುಚ್ಚಿದ ಬೆಳಕಿಂಡಿ. ಬೆಳಕಿಂಡಿಯ ಬಿಸಿಲು ಬೀಸುವ ಕಲ್ಲಿನ ಹತ್ತಿರ ಬಂದಾಗ ರೊಟ್ಟಿಗೆ ಕೂಡುತ್ತೇವೆ, ಕಂಬ ದಾಟಿದಾಗ ಹೊರಗಿನ ಬಾಗಿಲು ಹಾಕುತ್ತೇವೆ. ಜೋಳ ತುಂಬಲೆಂದು ಹಿಂದಿನವರು ತೋಡಿದ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಈಗ ನೀರಿನ ಹರವಿ, ಮಜ್ಜಿಗೆ, ಔಷಧಿ ಇಡುತ್ತೇವೆ. ಫ್ರಿಜ್ಜು ಎಂಬ ನಿಮ್ಮ ಪೆಟ್ಟಿಗೆಯನ್ನು ನಾನು ಚಿತ್ರದಲ್ಲಿ ನೋಡಿದ್ದೇನೆ. ಮನೆಯೊಳಗೆ ನಿಂತು ಅಷ್ಟು ಕರೆಂಟು ತಿನ್ನುವ ವಸ್ತುವಿಗೆ ನೀವು ಹೂವಿನ ಚಿತ್ರ ಬೇರೆ ಅಂಟಿಸುತ್ತಿದ್ದಿರಿ.

ಊರಿನ ಉಳಿದ ಮಂದಿ ತೂಗುಮನೆಗಳಲ್ಲಿದ್ದಾರೆ. ತೂಗುಮನೆ ಎಂದರೆ ನೀವು ಅಪಾರ್ಟ್‌ಮೆಂಟು ಅನ್ನುವುದೇ, ಆದರೆ ಇನ್ನೂ ಎತ್ತರದ್ದು, ಗಾಜು ಹೆಚ್ಚು. ಕರೆಂಟು ಪಾಳಿಯ ಮೇಲೆ ಬರುವುದರಿಂದ ಉರಿ ತಿಂಗಳಲ್ಲಿ ಅವು ಒಲೆಯ ಮೇಲಿನ ಹಂಚಾಗುತ್ತವೆ. ಅಲ್ಲಿಯವರು ಹಗಲು ಹೊತ್ತು ಇಳಿದು ಬಂದು ನಮ್ಮ ಪಡಸಾಲೆಯಲ್ಲಿ ಕೂರುತ್ತಾರೆ. ಹಳೆಯ ಮನೆಯವರು ಬಂದವರಿಗೆ ಜಾಗ ಬಿಡಲೇಬೇಕು, ಅದಕ್ಕೆ ನೆರಳುಹೊತ್ತು ಎಂದು ಹೆಸರು. ನಮ್ಮ ಬಾಡಿಗೆಯ ಅರ್ಧವನ್ನು ನಾವು ದುಡ್ಡಿನಲ್ಲಿ ಕೊಡುವುದಿಲ್ಲ. ಕೈಬಾಡಿಗೆ ಕೊಡುತ್ತೇವೆ, ಎಂದರೆ ಮನೆಗೆ ದುಡಿಯುತ್ತೇವೆ. ಗೋಡೆಗೆ ಮಣ್ಣು ಮೆತ್ತುವುದು, ನೆಲ ಸಾರಿಸುವುದು, ಎಲ್ಲಕ್ಕಿಂತ ದೊಡ್ಡದು ಮಳೆಗೆ ಮುಂಚೆ ಮಾಳಿಗೆಗೆ ಸವುಳು ಮಣ್ಣು ಹಾಕುವುದು. ಇದರಿಂದಲೇ ಹೂ ಮಾರುವವರು, ನೇಕಾರರು, ಸಾಲೆಯ ಆಯಾಗಳು ಊರಿನ ನಡುವೆ ವಾಸವಾಗಿದ್ದಾರೆ.

ಸವುಳು ಮಣ್ಣು ನಿಮಗೆ ಗೊತ್ತಿರಬೇಕು. ಉಪ್ಪಿನ ಮಣ್ಣು, ಅದರಲ್ಲಿ ಹುಲ್ಲುಕಡ್ಡಿ ಹುಟ್ಟುವುದಿಲ್ಲ. ಹುಟ್ಟುವುದಿಲ್ಲ ಎಂದೇ ಮಾಳಿಗೆಗೆ ಅದು ಬೇಕು. ಮೇಲೆ ಹಾಕಿ ತುಳಿದರೆ ಮಳೆಗೆ ಅರಳಿ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ, ನೀರು ಹರನಾಳದ ಕಡೆಗೆ ಜಾರಿ ಬೀದಿಗೆ ಬೀಳುತ್ತದೆ. ಇಷ್ಟೇ ವಿದ್ಯೆ. ಇಷ್ಟನ್ನೂ ನಾವು ಕೆಡಿಸಿಕೊಂಡೆವು.

ಊರಿನ ಮನೆ ಕಚೇರಿಯವರು ಹಸಿರು ನೆತ್ತಿ ಎಂಬ ಬಹುಮಾನ ಇಟ್ಟರು. ಯಾವ ಮನೆಯ ಮಾಳಿಗೆಯ ಮೇಲೆ ತೋಟ ಚೆನ್ನಾಗಿರುತ್ತದೋ ಆ ಮನೆಗೆ ಹಿತ್ತಾಳೆಯ ಫಲಕ. ನಮ್ಮ ಓಣಿಕೂಟದ ಹಿರಿಯ ಮುರಿಗೆಪ್ಪ, ಟ್ರಾಮು ಓಡಿಸಿ ನಿವೃತ್ತನಾದವನು, ಒಂದು ಫಲಕಕ್ಕಾಗಿ ಜೀವ ಹಿಡಿದುಕೊಂಡಿರುವ ಮನುಷ್ಯ. ಅವನು ಮೊದಲು ಸವುಳು ಮಣ್ಣಿನಲ್ಲೇ ಬದನೆ ಊರಿದ. ಸುಟ್ಟುಹೋಯಿತು. ಆಮೇಲೆ ಎಲ್ಲರನ್ನೂ ಕೂಡಿಸಿಕೊಂಡು ಸವುಳು ಮಣ್ಣನ್ನು ಕೆರೆದು ಚೆಲ್ಲಿದ, ಕೆರೆಯಂಗಳದ ಸಿಹಿ ಮಣ್ಣು ತಂದು ಏರಿಸಿದ, ನೀರು ಬಿಡುವ ಕೊಳವೆಯನ್ನು ಮಾಳಿಗೆಯಲ್ಲಿ ತೂತು ಕೊರೆದು ಎಳೆದ. ನಾನು ಬೇಡವೆಂದೆ, ಹಾವು ಬರುತ್ತವೆ ಎಂದೆ. ಹಾವು ಒಂದೂ ಬರಲಿಲ್ಲ, ಆದ್ದರಿಂದ ನನ್ನ ಮಾತನ್ನು ಯಾರೂ ಕೇಳಲಿಲ್ಲ. ಮೆಂತ್ಯ ಬಂತು, ಹೀರೇಕಾಯಿ ಬಂತು, ಬದನೆ ಎಂಥ ಬಂತೆಂದರೆ ಬೈಯುವ ಬಾಯಿಗೂ ರುಚಿಯಾಯಿತು. ಫಲಕ ಬಾಗಿಲಿಗೆ ಏರಿತು. ಮುರಿಗೆಪ್ಪ ದಿನಾ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ.

ಮುಂದಿನ ಮಳೆಗಾಲಕ್ಕೆ ಪಡಸಾಲೆಯ ನಡುತೊಲೆ ಬೆವರಿತು. ಬೆವರಿದ್ದು ಕಪ್ಪಾಯಿತು, ಕಪ್ಪಾದಲ್ಲಿ ಗೆದ್ದಲು ಬಂತು, ಒಂದು ದಿನ ಮೇಲಿನ ಮಣ್ಣು ಹೆಂಟೆಯಾಗಿ ಸಕೀನಾಬಿಯ ರೊಟ್ಟಿಯ ಹಿಟ್ಟಿನೊಳಗೇ ಬಿತ್ತು. ಸಕೀನಾಬಿ ನನ್ನ ಪಕ್ಕದ ಕೋಣೆಯವಳು. ನಾವಿಬ್ಬರೂ ಮೂವತ್ತು ವರ್ಷದಿಂದ ಒಂದೇ ಬೀಸುವ ಕಲ್ಲಿಗೆ ಜಗಳವಾಡುತ್ತಿದ್ದೇವೆ. ಅವಳು ಆ ಹಿಟ್ಟಿನ ಪರಾತವನ್ನು ಹಾಗೆಯೇ ಎತ್ತಿಕೊಂಡು ಹೋಗಿ ಮುರಿಗೆಪ್ಪನ ಮುಂದಿಟ್ಟು, ಇದನ್ನೂ ಪ್ರದರ್ಶನಕ್ಕೆ ಕಳಿಸು ಎಂದು ಬಂದಳು.

ಬಹುಮಾನ ಕೊಟ್ಟ ಕಚೇರಿಯೇ ನೋಟೀಸೂ ಕೊಟ್ಟಿತು. ಮನೆ ವಾಸಕ್ಕೆ ಯೋಗ್ಯವಲ್ಲ, ಮೊದಲ ಮಳೆಯಾದ ಕೂಡಲೇ ಒಂಬತ್ತೂ ಸಂಸಾರಗಳು ತೂಗುಮನೆಗೆ ಹೋಗತಕ್ಕದ್ದು, ವಾಡೆಯನ್ನು ಉಕ್ಕಿನ ಕಂಬ ಕೊಟ್ಟು ಭದ್ರಮಾಡಿ ನೋಡುಮನೆ ಮಾಡಲಾಗುವುದು. ನೋಡುಮನೆ ಎಂದರೆ ಯಾರೂ ಇರದ ಮನೆ. ದೀಪ ಹಾಕಿರುತ್ತಾರೆ, ಒಲೆಯ ಮೇಲೆ ಖಾಲಿ ಗಡಿಗೆ ಇಟ್ಟಿರುತ್ತಾರೆ, ಟಿಕೇಟು ತೆಗೆಸಿದವರು ಹಗ್ಗದಾಚೆ ನಿಂತು ಹಿಂದಿನವರು ಹೀಗೆ ಇದ್ದರಂತೆ ಎಂದು ನೋಡಿ ಹೋಗುತ್ತಾರೆ. ಹಳೆಯ ಮನೆಗಳು ಬಹಳ ನಾಜೂಕು, ಬಡವರ ಬಾಳುವೆಯ ಭಾರ ತಡೆಯಲಾರವು ಎಂದು ಕಚೇರಿಯವರು ಬಹಳ ಮರ್ಯಾದೆಯಿಂದಲೇ ಹೇಳಿದರು. ನಾನು ಮರ್ಯಾದೆ ಇಲ್ಲದೆ ಉತ್ತರ ಕೊಟ್ಟೆ, ಅದನ್ನು ಇಲ್ಲಿ ಬರೆದರೆ ಟಪಾಲಿನವರು ಹೊಡೆದುಹಾಕುತ್ತಾರೆ.

ಉಳಿದವರು ತೂಗುಮನೆಯಲ್ಲಿ ಹೇಗೋ ಬದುಕಿಯಾರು. ಸಕೀನಾಬಿ ಬದುಕುವುದಿಲ್ಲ. ಅವಳಿಗೆ ಉಬ್ಬಸ. ಹಿಂದೆ ಅವಳೂ ಅವಳ ಗಂಡ ಇಮಾಮಸಾಬನೂ ತೂಗುಮನೆಯಲ್ಲೇ ಇದ್ದರು, ಎತ್ತರದ ಅಂತಸ್ತಿನಲ್ಲಿ. ಒಂದು ಉರಿಯಲ್ಲಿ ಕರೆಂಟಿನ ಪಾಳಿ ತಪ್ಪಿತು, ಗಾಳಿಯೂ ಇಲ್ಲ, ಲಿಫ್ಟೂ ಇಲ್ಲ. ಇಮಾಮಸಾಬ ಮೈಗೆ ಒದ್ದೆ ಅರಿವೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತವನು ಹಾಗೆಯೇ ಹೋಗಿಬಿಟ್ಟ. ಅವನ ಹೆಣದ ಜೊತೆಗೆ ಮೆಟ್ಟಿಲು ಇಳಿದು ಬಂದವಳು ಮತ್ತೆ ಅತ್ತ ತಲೆ ಎತ್ತಿ ನೋಡಿಲ್ಲ. ನೋಟೀಸು ಓದಿದ ದಿನ ಓಣಿಯವರೆಲ್ಲ ಬಾಯಿಗೆ ಬಂದದ್ದು ಮಾತಾಡಿದರು, ಅವಳು ಮಾತ್ರ ಬೀಸುವ ಕಲ್ಲಿನ ಗೂಟ ಹಿಡಿದುಕೊಂಡು ನನ್ನೊಬ್ಬಳಿಗೇ ಹೇಳಿದಳು:

“ಫಕೀರವ್ವಾ, ನಾ ಏರಂಗಿಲ್ಲ. ನನ್ನ ಇಲ್ಲೇ ಹಗೇದಾಗ ಇಳಿಸಿ ಮ್ಯಾಲ ಕಲ್ಲ ಮುಚ್ಚಿಬಿಡ್ರಿ, ಅಲ್ಲಿ ತಂಪರ ಇರತೈತಿ.”

ನಾನು ಅವಳಿಗೆ, ಹಗೇವಿನಲ್ಲಿ ನನ್ನ ಮಜ್ಜಿಗೆ ಇದೆ, ನಿನಗೆ ಜಾಗವಿಲ್ಲ ಎಂದೆ. ಆಮೇಲೆ ಹೊರಗೆ ಬಂದು ಕೂಟವನ್ನು ಕರೆಸಿದೆ.

ಕಾನೂನಿನಲ್ಲಿ ನಮಗೊಂದು ಸಂದು ಇತ್ತು. ನೋಟೀಸು ಬಂದ ಮನೆಯಲ್ಲಿ ಮೊದಲ ಮಳೆಯ ದಿನ ಮಳೆಸಾಕ್ಷಿ ಬಂದು ಕೂರಬೇಕು. ಕಚೇರಿಯ ಈ ಅಧಿಕಾರಿ ನೆಲದ ಮೇಲೆಲ್ಲ ಬೂದಿ ಜರಡಿ ಹಿಡಿದು ಮಳೆ ನಿಲ್ಲುವ ತನಕ ಕಾಯುತ್ತಾರೆ. ಬೂದಿಯ ಮೇಲೆ ಬಿದ್ದ ಹನಿಯನ್ನು ಯಾರೂ ಬಚ್ಚಿಡಲಾರರು. ಮನೆ ಒಣಗಿದ್ದರೆ ನೋಟೀಸು ರದ್ದು, ಸೋರಿದರೆ ಸಾಕ್ಷಿ ಬರೆದದ್ದೇ ತೀರ್ಪು. ಹಾಗಾಗಿ ಮೊದಲ ಮಳೆ ಬೀಳುವುದರೊಳಗೆ ಮಾಳಿಗೆಯನ್ನು ಮೊದಲಿನಂತೆ ಮಾಡುವುದೆಂದು ಗೊತ್ತಾಯಿತು. ಮುರಿಗೆಪ್ಪ ತಾನೇ ಹೋಗಿ ಬದನೆಯ ಗಿಡಗಳನ್ನು ಕಿತ್ತ. ಬೆಳಗಿನ ತಂಪಿನಲ್ಲಿ ಎಲ್ಲರೂ ಸಿಹಿ ಮಣ್ಣು ಇಳಿಸಿದೆವು, ಅದನ್ನು ಸಾಲೆಯ ಮಕ್ಕಳ ತೋಟಕ್ಕೆ ಕೊಟ್ಟೆವು. ಬಡಿಗರು ತೊಲೆಯ ಕೆಟ್ಟ ಭಾಗ ಕೊಯ್ದು ಬೇವಿನ ತುಂಡನ್ನು ಬೆಸೆದರು. ಜಂತಿಗಳ ಮೇಲೆ ಬಂದರಿಕೆಯ ಸೊಪ್ಪು ಹಾಸಿ ಮಣ್ಣು ಮೆತ್ತಿದೆವು. ಉಳಿದದ್ದು ಸವುಳು ಮಣ್ಣು, ಅದೇ ಎಲ್ಲಿಯೂ ಸಿಗಲಿಲ್ಲ. ಊರ ಸುತ್ತಲಿನ ಸವುಳು ನೆಲದ ಮೇಲೆಲ್ಲ ಬಿಸಿಲು ಹಿಡಿಯುವ ಹಲಗೆಗಳನ್ನು ಹಾಸಿಬಿಟ್ಟಿದ್ದಾರೆ, ಉಳಿದದ್ದನ್ನು ತೊಳೆದು ಸಿಹಿ ಮಾಡಿದ್ದಾರೆ. ಕೆಟ್ಟ ಮಣ್ಣು ಒಂದು ಬುಟ್ಟಿಯೂ ಇಲ್ಲದಷ್ಟು ಊರು ಸುಧಾರಿಸಿತ್ತು.

ಆಗ ನನಗೆ ನನ್ನ ತವರಿನ ಹೊಲ ನೆನಪಾಯಿತು. ನಿಮ್ಮ ಕಾಲದವರು ಕಾಲುವೆಯ ನೀರನ್ನು ಬೇಕಾಬಿಟ್ಟಿ ಬಿಟ್ಟು ಬಿಟ್ಟು ಆ ಹೊಲಕ್ಕೆ ಉಪ್ಪು ಏರಿಸಿದಿರಿ. ನನ್ನಪ್ಪ ಅದನ್ನು ಉಳುವುದನ್ನೇ ಬಿಟ್ಟಿದ್ದ, ಅಣ್ಣನೂ ಸತ್ತ, ಈಗ ಅದು ಅವನ ಹೆಂಡತಿ, ನಮ್ಮ ವೈನಿ ದುರ್ಗವ್ವನ ಪಾಲಿಗಿದೆ. ವೈನಿಗೂ ನನಗೂ ಮಾತು ಕಡಿಮೆ. ಪಾಲು ಕೇಳಲು ಬಂದಾಳು ಎಂಬ ಹೆದರಿಕೆ ಅವಳಿಗೆ ಮೊದಲಿನಿಂದ. ಮುರಿಗೆಪ್ಪನನ್ನೂ ಗಾಡಿಯನ್ನೂ ಕಟ್ಟಿಕೊಂಡು ಹೋಗಿ ಅಂಗಳದಲ್ಲಿ ನಿಂತಾಗ ಅವಳು ನೀರು ಕೊಡುವುದಕ್ಕೂ ಮುಂಚೆ ಹೊಲದ ಮಾತೆತ್ತಿದಳು. ನನಗೆ ಹೊಲ ಬೇಡ, ಹೊಲದ ಮೇಲಿನ ಬಿಳಿ ಮಣ್ಣು ಬೇಕು ಎಂದೆ. ಅವಳು ಮುರಿಗೆಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಅಲ್ಲಿಯೇ ಕೂತು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

“ನಿಮ್ಮಪ್ಪ ಈ ಮಣ್ಣಿಗೆ ಸಾಯೋತನ ಶಾಪ ಹಾಕಿದ, ನಿಮ್ಮಣ್ಣ ಹಾಕಿದ, ನಾನೂ ಹಾಕೇನಿ. ಎಲ್ಲಾ ಕೂಡೇ ಒಯ್ಯವಾ, ಶಾಪ ಬಿಟ್ಟು ಮಣ್ಣಷ್ಟ ಒಯ್ದಿ ಅಂದ್ರ ಗಾಡಿ ಹೊಂಡಾಕ ಬಿಡಂಗಿಲ್ಲ.”

ಗಾಡಿ ತುಂಬುವ ತನಕ ಅವಳೇ ಸಲಿಕೆ ಹಿಡಿದು ನಿಂತಳು. ಎಲ್ಲಿ ಮಣ್ಣು ಹೆಚ್ಚು ಹೊಪ್ಪಳಿಕೆ ಎದ್ದಿದೆ, ಎಲ್ಲಿ ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ ಎಂದು ತೋರಿಸಿದಳು. ಬರುವ ಮುಂದೆ ಜೋಳದ ರೊಟ್ಟಿ ಕಟ್ಟಿಕೊಟ್ಟಳು. ಬರುವ ವರ್ಷಕ್ಕೂ ಮಣ್ಣು ಇದೆ ಎಂದಳು, ಹೊಲವನ್ನು ಹಲಗೆಯವರಿಗೆ ಕೊಡುವುದಿಲ್ಲ ಎಂದಳು. ಊರು ಹತ್ತಿರ ಬಂದಾಗ ಮುರಿಗೆಪ್ಪ, ಇಷ್ಟು ಕೆಟ್ಟ ನೆಲವನ್ನು ಇಷ್ಟು ಆಸೆಯಿಂದ ಯಾರೂ ತುಂಬಿಕೊಂಡು ಬಂದಿರಲಿಕ್ಕಿಲ್ಲ ಎಂದ. ಈ ಮಾತನ್ನು ಬೇಕಿದ್ದರೆ ಫಲಕ ಮಾಡಿಸಿಕೊಡುತ್ತೇನೆ ಎಂದೆ.

ಮಣ್ಣು ಏರಿಸಿದೆವು, ನೀರು ಚಿಮುಕಿಸಿ ತುಳಿದೆವು. ನೆರಳುಹೊತ್ತಿಗೆ ಬಂದ ತೂಗುಮನೆಯವರೂ ಸಾಲು ನಿಂತು ಬುಟ್ಟಿ ದಾಟಿಸಿದರು. ಕೊಳವೆಗೆಂದು ಕೊರೆದಿದ್ದ ತೂತನ್ನು ಮುರಿಗೆಪ್ಪ ಪೇಟೆಯ ಮೇಣದಿಂದ ಮುಚ್ಚಿದ, ಹತ್ತು ವರ್ಷ ಗ್ಯಾರಂಟಿ ಎಂದು ಅದರ ಡಬ್ಬಿಯ ಮೇಲೆ ಬರೆದಿತ್ತು.

ನಿನ್ನೆ ಹಗಲು, ರೊಟ್ಟಿಯ ಹೊತ್ತಿಗೆ, ಆಕಾಶ ಕಪ್ಪಾಯಿತು. ಮಳೆಸಾಕ್ಷಿ ನೀಲಾಂಬಿಕಾ ಛತ್ರಿ ಹಿಡಿದು, ಹೆಗಲಿಗೆ ಚೀಲ ಹಾಕಿಕೊಂಡು ಬಂದಳು; ವಯಸ್ಸು ಸಣ್ಣದು, ಮಾತು ಇನ್ನೂ ಸಣ್ಣದು. ಬೂದಿ ಜರಡಿ ಹಿಡಿದಳು, ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತಳು. ನಾವೆಲ್ಲ ಗೋಡೆಗುಂಟ ನಿಂತೆವು. ಸಕೀನಾಬಿ ಮಾತ್ರ ಬೆಸೆದ ತೊಲೆಯ ನೇರ ಕೆಳಗೆ ಚಾಪೆ ಹಾಸಿ ಕೂತಳು, ಬಿದ್ದರೆ ನನ್ನ ಮೇಲೇ ಬೀಳಲಿ ಎಂದು. ಮಳೆ ಬಂತು. ಮೊದಲು ದೂಳಿನ ವಾಸನೆ, ಆಮೇಲೆ ಮಾಳಿಗೆಯ ಮೇಲೆ ಸಾವಿರ ಕುರಿ ಓಡಿದ ಸಪ್ಪಳ. ಹರನಾಳ ಬೀದಿಗೆ ಭೋರ್ಗರೆಯಿತು. ತೊಲೆ ಒಣಗಿಯೇ ಇತ್ತು. ಬಹಳ ಹೊತ್ತು ಹಾಗೆಯೇ ಇತ್ತು. ನಾನು ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಸಕೀನಾಬಿಯ ಚಾಪೆಯ ಪಕ್ಕದ ಬೂದಿಯಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಅವಳು ಮೆಲ್ಲಗೆ ಸೆರಗನ್ನು ಅದರ ಮೇಲೆ ಎಳೆದಳು. ಸೆರಗಿನ ಮೇಲೆ ಇನ್ನೊಂದು ಹನಿ ಬಿತ್ತು. ನೀಲಾಂಬಿಕಾ ನೋಡಿದ್ದಳು, ವರದಿಯ ಪುಸ್ತಕವನ್ನು ತೊಡೆಯ ಮೇಲೆ ತೆಗೆದಿಟ್ಟುಕೊಂಡಳು.

ಹನಿ ಬೀಳುತ್ತಿದ್ದುದು ಕೊಳವೆಯ ತೂತಿನಿಂದ. ಹತ್ತು ವರ್ಷದ ಮೇಣ ಒಂದು ಮಳೆಯನ್ನೂ ತಡೆದಿರಲಿಲ್ಲ. ಬರೆಯುವುದಿದ್ದರೆ ಮಳೆ ನಿಂತ ಮೇಲೆ ಬರಿ, ಮಳೆ ಇನ್ನೂ ನಿಂತಿಲ್ಲ ಎಂದು ಅವಳಿಗೆ ಹೇಳಿ, ಉಳಿದ ಸವುಳು ಮಣ್ಣಿನ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಏಣಿ ಹತ್ತಿದೆ. ಎಪ್ಪತ್ತನಾಲ್ಕರ ಮುದುಕಿ ಮಳೆಯಲ್ಲಿ ಏಣಿ ಹತ್ತುವುದು ನೋಡುವಂಥ ಚಂದವಲ್ಲ. ಮುರಿಗೆಪ್ಪ ಬಂದು ಏಣಿ ಹಿಡಿದ. ಮೇಲೆ ನೀರಿನ ತೆರೆಯಲ್ಲಿ ಏನೂ ಕಾಣುತ್ತಿರಲಿಲ್ಲ, ಕೆಳಗಿನಿಂದ ಸಕೀನಾಬಿಯೇ ಕಣ್ಣಾದಳು.

“ಎಡಕ್ಕ ಬಾ. ನಿನ್ನ ಎಡಕ್ಕಲ್ಲ, ನನ್ನ ಎಡಕ್ಕ. ಇಷ್ಟ್ ವರ್ಷ ಆತು, ಇನ್ನೂ ನನ್ನ ಎಡ ಯಾವ್ದು ಗೊತ್ತಿಲ್ಲ ಈಕಿಗೆ.”

ಸಿಕ್ಕಿತು. ಮೇಣವನ್ನು ಉಗುರಿನಿಂದ ಕಿತ್ತೆಸೆದೆ, ಮಣ್ಣು ಒತ್ತಿದೆ, ಹಿಮ್ಮಡಿಯಿಂದ ತುಳಿದೆ, ಮತ್ತೆ ಒತ್ತಿದೆ. ಕೆಳಗಿನಿಂದ ಅವಳು, ಬಿತ್ತು, ಮತ್ತೊಂದು ಬಿತ್ತು, ಸಣ್ಣದಾತು ಎಂದು ಕೂಗುತ್ತಿದ್ದಳು. ಆಮೇಲೆ ಕೂಗು ನಿಂತಿತು. ಇಳಿದು ಬಂದಾಗ ಒಂಬತ್ತು ಸಂಸಾರಗಳೂ ಬೂದಿಯನ್ನೇ ನೋಡುತ್ತಿದ್ದವು. ಮಳೆ ಇನ್ನೂ ಸುರಿಯುತ್ತಿತ್ತು, ಹನಿ ಬೀಳುತ್ತಿರಲಿಲ್ಲ. ಮಳೆ ನಿಲ್ಲುವ ತನಕವೂ ಬೀಳಲಿಲ್ಲ.

ನೀಲಾಂಬಿಕಾ ಎದ್ದು ಚುಕ್ಕೆಗಳ ಹತ್ತಿರ ಹೋಗಿ ನಿಂತಳು. ಮನೆ ಸೋರಿದ್ದು ನಿಜ, ಅದನ್ನು ಬರೆಯದೆ ಇರಲಾರೆ ಎಂದಳು. ಆಮೇಲೆ ಅವಳು, ಮುಂದಿನ ಮಳೆಯಲ್ಲಿ ಸೋರಿದರೆ ಯಾರು ಹತ್ತುತ್ತೀರಿ ಎಂದು ಕೇಳಿದಳು. ಸಕೀನಾಬಿ ಚಾಪೆ ಸುತ್ತುತ್ತಿದ್ದವಳು ತಲೆ ಎತ್ತದೆಯೇ ಉತ್ತರ ಕೊಟ್ಟಳು.

“ಈಕಿ ಹತ್ತತಾಳ. ಈಕಿ ಸತ್ರ ನಾ ಹತ್ತತೀನಿ, ಉಬ್ಬಸ ಇದ್ರೂ ಹತ್ತತೀನಿ. ನಾ ಸತ್ರ ಮುರಿಗೆಪ್ಪನ್ನ ಹತ್ತಸ್ರಿ, ಅವಗ ಬ್ಯಾರೆ ಏನ್ ಕೆಲಸೈತಿ.”

ಹುಡುಗಿ ನಗಲಿಲ್ಲ. ನಿಂತಲ್ಲೇ ಬರೆದು, ಓದಿ ಹೇಳಿದಳು: ಒಂದು ಕಡೆ ಸೋರಿತು, ಮಳೆಯಲ್ಲೇ ಮುಚ್ಚಲಾಯಿತು, ಮನೆಯೊಳಗೆ ಜನ ಇರುವುದರಿಂದ ಮನೆ ವಾಸಕ್ಕೆ ಯೋಗ್ಯ. ನೋಡುಮನೆಯ ಬೀಗ ತಂದಿದ್ದ ಚೀಲವನ್ನು ಅವಳು ಹಾಗೆಯೇ ತಿರುಗಿ ಒಯ್ದಳು. ಸಕೀನಾಬಿ ಆ ಮೇಲೆ ಬಹಳ ಹೊತ್ತು ಹಿತ್ತಲ ಬಾಗಿಲಲ್ಲಿ ಕೂತು ಅತ್ತಳು, ನಾನು ಅತ್ತ ಹೋಗಲಿಲ್ಲ.

ಇನ್ನು ನಿಮ್ಮ ಪಾಲಿನ ಮಾತು. ನೀವು ಹಳೆಯ ಮನೆಗಳನ್ನು ಎರಡು ರೀತಿಯಲ್ಲಿ ಕೊಲ್ಲುತ್ತೀರಿ. ಬುಲ್ಡೋಜರು ತರುವವರನ್ನು ನಾನು ಬೈದರೆ ಅವರಿಗೆ ನಾಟುವುದಿಲ್ಲ. ಪ್ರೀತಿ ಮಾಡುವವರಿಗೆ ಹೇಳುತ್ತೇನೆ, ಕೇಳಿರಿ. ಮಣ್ಣಿನ ಗೋಡೆಗೆ ಸಿಮೆಂಟು ಬಳಿಯಬೇಡಿರಿ, ಅದು ಒಳಗೇ ಕೊಳೆಯುತ್ತದೆ. ರಿಪೇರಿ ಮಾಡಿ ಹೋಟೆಲು ಮಾಡಬೇಡಿರಿ, ಫೋಟೋ ತೆಗೆಸಿಕೊಳ್ಳುವ ಜಾಗ ಮಾಡಬೇಡಿರಿ. ಕೋಣೆ ಕೋಣೆಯಾಗಿ ಹಂಚಿ, ದುಡಿಯುವವರು ಕೊಡಬಲ್ಲ ಬಾಡಿಗೆಗೆ ಕೊಡಿರಿ. ಅವರ ಒಲೆ ಉರಿದರೆ ಗೆದ್ದಲು ಬರುವುದಿಲ್ಲ, ಅವರ ಮಕ್ಕಳು ಓಡಾಡಿದರೆ ನೆಲ ಗಟ್ಟಿಯಾಗುತ್ತದೆ, ಅವರ ತಲೆಯ ಮೇಲೆ ಹನಿ ಬಿದ್ದರೆ ಅವರೇ ಹತ್ತಿ ಮುಚ್ಚುತ್ತಾರೆ.

ಕೊನೆಗೆ ಒಂದು ಕೇಳಿಕೆ, ಇದಕ್ಕಾಗಿಯೇ ಕಾಗದ ಹಿಡಿದೆ. ನಮ್ಮ ವಾಡೆಯ ಎಡಮಗ್ಗುಲಿಗೆ ಒಂದು ಖಾಲಿ ಜಾಗವಿದೆ. ಅಲ್ಲಿ ಇಂಥದೇ ಇನ್ನೊಂದು ಮನೆ ಇತ್ತು, ನಿಮ್ಮ ಕಾಲದಲ್ಲಿ ಅದನ್ನು ಕೆಡವಿ ಅಂಗಡಿಸಾಲು ಕಟ್ಟಿದಿರಿ, ಅಂಗಡಿಸಾಲೂ ಈಗ ಇಲ್ಲ. ಸಕೀನಾಬಿಯೂ ಇಮಾಮಸಾಬನೂ ಈ ಓಣಿಯಲ್ಲಿ ಕೋಣೆ ಕೇಳಿ ಬಂದ ವರ್ಷ ನಮ್ಮಲ್ಲಿ ಒಂದೂ ಖಾಲಿ ಇರಲಿಲ್ಲ. ಪಕ್ಕದಲ್ಲಿ ಮನೆ ಇರಲಿಲ್ಲ. ಹಾಗಾಗಿ ಅವರು ತೂಗುಮನೆಗೆ ಹೋದರು. ನೀವು ಈ ಕಾಗದ ಓದುವ ಹೊತ್ತಿಗೆ ಆ ಮನೆ ಇನ್ನೂ ನಿಂತಿರುತ್ತದೆ, ಅದರ ಬಾಗಿಲಿಗೆ ಬೇವಿನ ಗಿಡ ಇರುತ್ತದೆಯಂತೆ. ಹೋಗಿ ನೋಡಿರಿ. ಮಾಳಿಗೆಗೆ ಮಣ್ಣು ಹಾಕಿಸಿರಿ, ಯಾರನ್ನಾದರೂ ಇರಗೊಡಿರಿ, ಅವರ ಮಕ್ಕಳಿಗೂ ಹೇಳಿ ಹೋಗಿರಿ. ನನಗೆ ಅದರಲ್ಲಿ ಅವರಿಬ್ಬರಿಗಾಗಿ ಒಂದೇ ಕೋಣೆ ಬೇಕು. ಹಿಂದಿನದಾದರೂ ಆದೀತು, ಕಿಟಕಿ ಇಲ್ಲದ್ದಾದರೂ ಆದೀತು. ಇಮಾಮಸಾಬ ಗಿಡ್ಡ ಮನುಷ್ಯ, ಬಾಗಿಲು ಎಷ್ಟು ತಗ್ಗಿದ್ದರೂ ತಲೆ ಬಡಿಯುವುದಿಲ್ಲ.

ನಿಮ್ಮವಳು,
ಫಕೀರವ್ವ